ವರ್ಷಕ್ಕೊಂದು ಬೈಬಲ್

ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರ್ನಾಲ್ಕು ಅಧ್ಯಾಯ ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಸಂಕಲ್ಪ ಅದಕ್ಕೂ ಮೊದಲೇ ಮುಗಿಯುತ್ತದೆ. ಆದಿಕಾಂಡ, ವಿಮೋಚನಕಾಂಡಗಳ 90 ಅಧ್ಯಾಯ ಜನವರಿಯಲ್ಲಿ ಸರಾಗವಾಗಿ ದಾಟುತ್ತವೆ. ಫೆಬ್ರವರಿಯಲ್ಲಿ ಬಲಿ, ಕುಷ್ಠ, ಬೂಷ್ಟುಗಳ ನಿಯಮ ಹೇಳುವ ಯಾಜಕಕಾಂಡ ಎದುರಾಗುತ್ತದೆ. ಸಭಾಪಾಲಕರು ವಿಚಾರಿಸುವುದೂ ಆಗಲೇ.

“ಓದು ಎಲ್ಲಿಗೆ ಬಂತಪ್ಪಾ?”

“ಯಾಜಕಕಾಂಡದಲ್ಲಿದ್ದೇನೆ, ಅಯ್ಯನವರೇ.”

“ಹೋದ ವರ್ಷವೂ ಅಲ್ಲೇ ಇದ್ದೆಯಲ್ಲ?”

“ಆಳವಾಗಿ ಧ್ಯಾನಿಸುತ್ತಿದ್ದೇನೆ.”

ಇಂಥವರಿಗಾಗಿಯೇ ಸ್ಕಾಟ್ಲೆಂಡಿನ ಡಂಡೀಯ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ವೇಳಾಪಟ್ಟಿಯೊಂದನ್ನು ರಚಿಸಿದರು: ದಿನಕ್ಕೆ ಬೇರೆಬೇರೆ ಪುಸ್ತಕಗಳಿಂದ ನಾಲ್ಕು ಅಧ್ಯಾಯ, ಎರಡು ಮನೆಮಂದಿಯೊಂದಿಗೆ, ಎರಡು ಏಕಾಂತದಲ್ಲಿ. ಜೊತೆಗೆ ಅಪಾಯಗಳನ್ನೂ ಪಟ್ಟಿ ಮಾಡಿದರು: ಯಾಂತ್ರಿಕ ಓದು, ತಾನೇ ನೀತಿವಂತನೆಂಬ ಭ್ರಮೆ, ಅಜಾಗ್ರತೆ, ಹೊರಲಾರದ ನೊಗ.

“ಇವುಗಳಲ್ಲಿ ನಿನಗೆ ತಗಲಿದ್ದು ಯಾವುದು?”

“ಒಂದೂ ಇಲ್ಲ. ಅಪಾಯವೆಲ್ಲ ಓದುವವರಿಗೆ.”

ರೂಢಿ ಬೆಳೆಯಲು ಗೊತ್ತಾದ ಹೊತ್ತು, ಚಿಕ್ಕ ಭಾಗ ಸಾಕೆಂಬುದು ಹಳೆಯ ಸಲಹೆ. ಅದರಲ್ಲಿ ಚಿಕ್ಕ ಭಾಗದ ಮಾತನ್ನು ಮಾತ್ರ ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಾರೆ.

“ದಿನಕ್ಕೊಂದು ಕೀರ್ತನೆಯಾದರೂ?”

“117ನೆಯದನ್ನು ತಪ್ಪಿಸಿದ್ದೇ ಇಲ್ಲ.”

“ಅದರಲ್ಲಿರುವುದು ಎರಡೇ ವಚನ! 119ನೆಯದರಲ್ಲಿ 176 ಇವೆ.”

“ಹತ್ತಿರ ಬಂದಿದ್ದೇನೆ ಅಯ್ಯನವರೇ, ಇನ್ನೆರಡೇ ಕೀರ್ತನೆ.”