ಕಂಪ್ಯೂಟರಿಗೆ ಶೀತ

ಗೌರಿಬಿದನೂರಿನಂಥ ಯಾವ ತಾಲ್ಲೂಕು ಪೇಟೆಗೆ ಹೋದರೂ ಇಂಥ ಮಹಾಶಯ ಒಬ್ಬ ಸಿಕ್ಕೇ ಸಿಗುತ್ತಾನೆ. ಬೋರ್ಡಿನಲ್ಲಿ ಜೆರಾಕ್ಸ್, ಪಹಣಿ, ಆಧಾರ್ ಪ್ರಿಂಟ್, ಲ್ಯಾಮಿನೇಷನ್ ಎಂದಿರುತ್ತದೆ. ಒಳಗೆ ಸಂಶೋಧನೆ ನಡೆದಿರುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡುವುದು ಅವನ ಹೊಟ್ಟೆಪಾಡು, ಚೆನ್ನಾಗಿರುವುದನ್ನು ಬಿಚ್ಚುವುದು ಹುಟ್ಟುಗುಣ.

ಏಪ್ರಿಲ್ ಬಂತೆಂದರೆ ಪ್ರೊಸೆಸರಿಗಿಂತ ಮೊದಲು ಅವನ ತಲೆ ಬಿಸಿಯಾಗುತ್ತದೆ. ಫ್ಯಾನಿನ ಧೂಳು ಹೊಡೆದಿದ್ದರೆ ಸಾಕಿತ್ತು. ಆದರೆ ಹಳೇ ಪೇಂಟ್ ಬ್ರಷ್ಷಿನಲ್ಲಿ ಮುಗಿಯುವ ವಿಜ್ಞಾನವನ್ನು ಅವನು ನಂಬುವವನಲ್ಲ. ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಪೆಲ್ಟಿಯರ್ ಬಿಲ್ಲೆ ತಂದ. 4 ಸೆಂಟಿಮೀಟರ್ ಚೌಕದ ಬಿಳಿ ಪಿಂಗಾಣಿ, ಅದಕ್ಕೊಂದು ಕೆಂಪು ವೈರು, ಒಂದು ಕಪ್ಪು. 12 ವೋಲ್ಟ್ ಕೊಟ್ಟರೆ ಒಂದು ಮೈ ತಣ್ಣಗಾಗುತ್ತದೆ, ಇನ್ನೊಂದು ಸುಡುತ್ತದೆ.

"1834ರಲ್ಲೇ ಫ್ರಾನ್ಸಿನ ಪೆಲ್ಟಿಯರ್ ಕಂಡುಹಿಡಿದದ್ದು ಸಾರ್. ಮೊದಲು ಗಡಿಯಾರದ ಕಸುಬಿನವನಂತೆ. ನಮ್ಮ ಪೈಕಿಯವನೇ!"

ಪ್ರೊಸೆಸರಿನ ಮೇಲೆ ಕೂತ ಬಿಲ್ಲೆಯ ಲೆಕ್ಕ ಬೇರೆ ಇತ್ತು. ಅದು ಬಿಸಿಯನ್ನು ನುಂಗುವುದಿಲ್ಲ, ಆಚೆ ಬದಿಗೆ ಸಾಗಿಸುತ್ತದೆ, ಸಾಗಿಸಿದ ಕೂಲಿಯನ್ನೂ ಬಿಸಿಯಾಗಿಯೇ ಸೇರಿಸುತ್ತದೆ. ಪ್ರೊಸೆಸರಿನದು 65 ವಾಟ್, ಬಿಲ್ಲೆ ಕುಡಿಯುವುದು ಹತ್ತಿರ ಹತ್ತಿರ ಅಷ್ಟೇ. ಎರಡೂ ಕೂಡಿ ಬೀಸಿದ್ದು ಪಹಣಿಗೆಂದು ಬೆಂಚಿನಲ್ಲಿ ಕೂತ ರೈತರ ಮುಖಕ್ಕೆ. ಅಷ್ಟಾಗಿಯೂ, ಪ್ರೊಸೆಸರ್ ತೂಕಡಿಸುವಾಗ ಬಿಲ್ಲೆ ಚಳಿ ಹುಟ್ಟಿಸುತ್ತದೆ, ನಿಜವಾದ ಕೆಲಸ ಬಿದ್ದರೆ ಹೊರಲಾರದೆ ದಾರಿಗೇ ಅಡ್ಡ ಮಲಗುತ್ತದೆ. ಇಂಥ ನೌಕರರನ್ನು ನಾವು ಕಂಡಿಲ್ಲವೇ?

ಪಕ್ಕದ ಬೀದಿಯ ಮೇಷ್ಟ್ರು ತಿಳಿಸಿ ಹೇಳಿದರು: "ಇಂಟೆಲ್‌ನವರೇ 2020ರಲ್ಲಿ ಇಂಥದ್ದು ತಂದು 2023ರಲ್ಲಿ ಕೈಬಿಟ್ಟರಲ್ಲಯ್ಯಾ."

"ಅವರಿಗೆ ತಾಳ್ಮೆ ಇಲ್ಲ ಸಾರ್. ಇದು ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕು. ಪ್ರಯೋಗ ಮಾಡದೆ ಒಪ್ಪೋ ಮಾತೇ ಇಲ್ಲ."

ಪ್ರಯೋಗ ಮಾಡಿದ ಮೇಲೂ ಒಪ್ಪುವುದಿಲ್ಲ ಎಂಬ ಗುಣ ಮಾತ್ರ ಎಚ್ಚೆನ್ ಅವರಿಂದ ಬಂದದ್ದಲ್ಲ.

ಮಳೆಗಾಲದಲ್ಲೊಮ್ಮೆ ಕಂಪ್ಯೂಟರನ್ನು ರಾತ್ರಿಯಿಡೀ ಓಡಲು ಬಿಟ್ಟು ಹೋದ. ಬೆಳಗ್ಗೆ ಶಟರ್ ಎತ್ತಿದರೆ ತಣ್ಣನೆಯ ಮೈಗೆ ಗಾಳಿಯ ತೇವವೆಲ್ಲ ಹನಿಗಟ್ಟಿ ಮದರ್‌ಬೋರ್ಡಿಗೆ ಇಳಿದಿದೆ. ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್ ಧೂಳು ಕಕ್ಕುವ ಸೀಮೆ ನಮ್ಮದು. ಗಂಗಮ್ಮ ಬಂದದ್ದು ಅಲ್ಲಿಗೆ!

ಈಗ ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಅದನ್ನು ಒಣಗಿಸುತ್ತಿದ್ದಾನೆ. ತಂಪು ಮಾಡಲು ಹೋದದ್ದಕ್ಕೆ ಬಿಸಿಗಾಳಿಯ ಉಪಚಾರ. ಮುಖದಲ್ಲಿ ಸೋತ ಕಳೆಯೇನೂ ಇಲ್ಲ.

"ಪೆಲ್ಟಿಯರ್‌ಗೂ ಮುಂಚೆ, 1821ರಲ್ಲಿ, ಸೀಬೆಕ್ ಅಂತ ಒಬ್ಬ ಇದರ ಉಲ್ಟಾ ಕಂಡುಹಿಡಿದ ಸಾರ್. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇದ್ದರೆ ಕರೆಂಟೇ ಹುಟ್ಟುತ್ತೆ. ಪ್ರೊಸೆಸರ್ ಬಿಸಿಯಲ್ಲೇ ಪ್ರಿಂಟರ್ ಓಡಿಸಿಬಿಟ್ಟರೆ?"

ಬೆಂಚಿನಲ್ಲಿದ್ದ ಅಜ್ಜ ಟವೆಲ್ ಕೊಡವಿಕೊಂಡು ಎದ್ದ.

"ಓಡಿಸುವಂತೆ ಬಿಡಪ್ಪಾ. ಮೊದಲು ನನ್ನ ಪಹಣಿ ಕೊಡು, ಮಂಚೇನಹಳ್ಳಿ ಬಸ್ಸು ಹೊರಡ್ತದೆ."