ಮೂಡು ನೋಡಿ ಮದ್ದು ಕೊಡುವವರು

ಶನಿವಾರ ಸಂಜೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಯಾವುದಾದರೂ ಹಳೆಪುಸ್ತಕದಂಗಡಿಯ ಮೆಟ್ಟಿಲು ಹತ್ತಿ. ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಎಂದು ಚೀಟಿ ಅಂಟಿಸಿದ ಕಪಾಟುಗಳ ಸಂದಿಯಲ್ಲಿ ಒಬ್ಬರು ನಿಂತಿರುತ್ತಾರೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೊರಳಲ್ಲಿ ತೆಗೆಯಲು ಮರೆತ ಐಡಿ ಕಾರ್ಡು. ಅಂಗಡಿಯವರಲ್ಲ, ಆದರೆ ಅಂಗಡಿಯವರಿಗಿಂತ ಹೆಚ್ಚು ಹೊತ್ತು ಅಲ್ಲಿರುತ್ತಾರೆ. ನೀವು ಒಂದು ಪುಸ್ತಕಕ್ಕೆ ಕೈ ಹಾಕಿದಿರೋ, ಪಕ್ಕದಿಂದ ಮೆಲುದನಿಯಲ್ಲಿ ಪ್ರಶ್ನೆ ಬರುತ್ತದೆ: "ಸರ್, ಈಗ ನಿಮ್ಮ ಮೂಡ್ ಹೇಗಿದೆ?"

ಇಂಥವರನ್ನು ನಾನು ಪಂಡಿತರು ಎಂದು ಕರೆಯುತ್ತೇನೆ. ಹಳೇ ಕಾಲದ ಪಂಡಿತರು ನಾಡಿ ಹಿಡಿದು ವಾತ, ಪಿತ್ತ, ಕಫ ಎನ್ನುತ್ತಿದ್ದರು. ಇವರು ಮುಖ ನೋಡಿ ಟಾಲ್ಕೀನ್, ಅಸಿಮೋವ್, ಪ್ರಾಚೆಟ್ ಎನ್ನುತ್ತಾರೆ. ಪುಸ್ತಕ ಚೆನ್ನಾಗಿದೆಯೇ ಎಂದು ಇವರನ್ನು ಕೇಳಬಾರದು. ಯಾವ ಪುಸ್ತಕವೂ ತಾನಾಗಿ ಚೆನ್ನಾಗಿರುವುದಿಲ್ಲ, ಕೆಟ್ಟದಾಗಿಯೂ ಇರುವುದಿಲ್ಲ. ಓದುವವರ ಮೂಡಿಗೆ ಒಗ್ಗಬೇಕು ಅಷ್ಟೆ ಎನ್ನುವುದು ಇವರ ಸಿದ್ಧಾಂತ.

ಮ್ಯಾನೇಜರ್ ಬೈದು ಕಳಿಸಿದ್ದಾರೆಯೇ? ಮಾರ್ಥಾ ವೆಲ್ಸ್ ಬರೆದ ಮರ್ಡರ್‌ಬಾಟ್ ಕಥೆಗಳು. 2017ರಲ್ಲಿ ಶುರುವಾದ ಈ ಸರಣಿಯ ನಾಯಕ ಒಂದು ಕಾವಲು ಯಂತ್ರ. ತನ್ನನ್ನು ಹಿಡಿತದಲ್ಲಿಟ್ಟಿದ್ದ ವ್ಯವಸ್ಥೆಯನ್ನು ಅದು ತಾನೇ ಹ್ಯಾಕ್ ಮಾಡಿ ಬಿಡುಗಡೆ ಪಡೆಯುತ್ತದೆ. ಬಿಡುಗಡೆಯಾದ ಮೇಲೆ ಮನುಷ್ಯರನ್ನೆಲ್ಲ ಸಂಹಾರ ಮಾಡುತ್ತದೆಯೇ ಎಂದರೆ, ಇಲ್ಲ, ಧಾರಾವಾಹಿ ನೋಡುತ್ತದೆ. "ಡ್ಯೂಟಿ ಮಾಡ್ತಾ ಮಾಡ್ತಾನೇ ನೋಡುತ್ತೆ ಸರ್, ಯಾರಿಗೂ ಗೊತ್ತಾಗಲ್ಲ" ಎನ್ನುವಾಗ ಪಂಡಿತರ ಕಣ್ಣಲ್ಲಿ ಭಕ್ತಿ ತುಳುಕುತ್ತದೆ.

ಬಡ್ತಿ ತಪ್ಪಿದವರಿಗೆ 1951ರಲ್ಲಿ ಪುಸ್ತಕವಾಗಿ ಬಂದ ಅಸಿಮೋವರ 'ಫೌಂಡೇಶನ್'. ಅದರಲ್ಲಿ ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಇಡೀ ಗ್ಯಾಲಕ್ಸಿಯ ಸಾಮ್ರಾಜ್ಯ ಬಿದ್ದುಹೋಗುತ್ತದೆ ಎಂದು ಲೆಕ್ಕ ಹಾಕಿ ಹೇಳುತ್ತಾನೆ. ಆಮೇಲಿನ 30,000 ವರ್ಷಗಳ ಕತ್ತಲೆಯನ್ನು 1,000 ವರ್ಷಕ್ಕೆ ಇಳಿಸುವುದೇ ಅವನ ಯೋಜನೆ. ಪಂಡಿತರು ಪುಸ್ತಕವನ್ನು ನಿಮ್ಮ ಕೈಯಲ್ಲಿಟ್ಟು, "ಅಷ್ಟು ದೊಡ್ಡ ಮನುಷ್ಯನೇ ಸಾವಿರ ವರ್ಷ ಕಾಯಿರಿ ಅಂತಾನೆ. ನಿಮಗೆ ಮುಂದಿನ ಏಪ್ರಿಲ್ ತನಕ ಆಗಲ್ವಾ?" ಎನ್ನುತ್ತಾರೆ.

ಪಿ.ಜಿ.ಯಲ್ಲಿ ಒಂಟಿಯಾಗಿದ್ದು ದಿನವೂ ಆಲೂಗಡ್ಡೆ ಪಲ್ಯ ತಿಂದು ಬೇಸತ್ತ ಹುಡುಗನಿಗೆ ಆಂಡಿ ವೀರ್ ಬರೆದ 'ದ ಮಾರ್ಷಿಯನ್'. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದ ಗಗನಯಾತ್ರಿ ಆಲೂಗಡ್ಡೆ ಬೆಳೆದೇ ಜೀವ ಹಿಡಿಯುವ ಕಥೆ ಅದು. ಸುಮ್ಮನೆ ಮನಸ್ಸು ಭಾರವಾಗಿದೆ, ಕಾರಣ ಗೊತ್ತಿಲ್ಲ ಎಂದವರಿಗೆ ಬೆಕಿ ಚೇಂಬರ್ಸರ 'ಎ ಸಾಮ್ ಫಾರ್ ದ ವೈಲ್ಡ್-ಬಿಲ್ಟ್'. ಅದರ ಮುಖ್ಯ ಪಾತ್ರ ಊರೂರು ತಿರುಗಿ, ಜನರ ಕಷ್ಟ ಕೇಳಿ, ಅವರವರಿಗೆ ತಕ್ಕ ಚಹಾ ಮಾಡಿಕೊಡುವ ಸನ್ಯಾಸಿ. ಈ ಪುಸ್ತಕ ಕೊಡುವಾಗ ಮಾತ್ರ ಪಂಡಿತರು ಸ್ವಲ್ಪ ನಾಚಿಕೊಳ್ಳುತ್ತಾರೆ. ತಮ್ಮದೇ ಫೋಟೋ ಹಂಚಿದಂತೆ ಆಗುತ್ತದೋ ಏನೋ.

ಬೇಸಿಗೆಗೆ 'ಡ್ಯೂನ್'. 1965ರ ಈ ಕಾದಂಬರಿಯ ಮರಳುಗಾಡಿನಲ್ಲಿ ಜನ ಬೆವರನ್ನೂ, ಉಸಿರಿನ ತೇವವನ್ನೂ, ಊಟದ ಹೊತ್ತಿನಲ್ಲಿ ಹೇಳಬಾರದ್ದನ್ನೂ ಸೋಸಿ ಕುಡಿಯುವ ನೀರಾಗಿಸುವ ಉಡುಪು ತೊಡುತ್ತಾರೆ. 2024ರಲ್ಲಿ ಬೆಂಗಳೂರಿಗೆ ನೀರಿಲ್ಲದಾಗ ಪಂಡಿತರೊಬ್ಬರು ಇದನ್ನು ತಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಕೊಟ್ಟರು. ಅವರು ನಾಯಕ ಯಾರು, ಖಳನಾಯಕ ಯಾರು ಎಂದು ವಿಚಾರಿಸದೆ, ಆ ಉಡುಪು ಇನ್ನೂರು ಫ್ಲ್ಯಾಟಿಗೆ ಒಟ್ಟಿಗೆ ತೆಗೆದುಕೊಂಡರೆ ಎಷ್ಟು ಬಿಡುತ್ತಾರೆ ಎಂದು ಕೇಳಿದರು. ಇಂಟರ್‌ವ್ಯೂಗಳಲ್ಲಿ ಸೋತವರಿಗೂ ಪಂಡಿತರು ಇದನ್ನೇ ಕೊಡುತ್ತಾರೆ. ಆದರೆ ಅವರಿಗೆ ಕಥೆಗಿಂತ ಕಥೆಯ ಕಥೆಯೇ ಮುಖ್ಯ: ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡವೆಂದ ಮೇಲೆ ಇದನ್ನು ಅಚ್ಚು ಹಾಕಿದ್ದು ಚಿಲ್ಟನ್, ಕಾರ್ ರಿಪೇರಿ ಕೈಪಿಡಿಗಳಿಗೆ ಹೆಸರಾದ ಕಂಪನಿ. ಇದನ್ನು ಕೇಳಿದ ಮೆಕ್ಯಾನಿಕಲ್ ಪದವೀಧರರು ಅರ್ಧ ಗುಣವಾಗಿ ಮನೆಗೆ ಹೋಗುತ್ತಾರೆ.

ಮದ್ದಿದ್ದ ಮೇಲೆ ಪಥ್ಯವೂ ಇರಬೇಕು. ನಿಶ್ಚಿತಾರ್ಥವಾದವರಿಗೆ ಜಾರ್ಜ್ ಮಾರ್ಟಿನ್ನರ ಫ್ಯಾಂಟಸಿ ಸರಣಿಯ ಮೂರನೆಯ ಸಂಪುಟ ವರ್ಜ್ಯ, ಏಕೆಂದರೆ ಅದರಲ್ಲೊಂದು ಮದುವೆಯೂಟವಿದೆ. ಲಿಯು ಸಿಶಿನ್ ಬರೆದ 'ತ್ರೀ ಬಾಡಿ ಪ್ರಾಬ್ಲಮ್' ರಾತ್ರಿ ಹತ್ತರ ಮೇಲೆ ಬೇಡ. ಆಕಾಶ ನೋಡಲು ಭಯವಾಗಿ ಟೆರೇಸಿನಲ್ಲಿ ಒಣಗಿದ ಬಟ್ಟೆ ಅಲ್ಲೇ ಉಳಿಯುತ್ತದೆ. ಪ್ರಾಚೆಟ್ಟರ ಡಿಸ್ಕ್‌ವರ್ಲ್ಡ್ ಕಾದಂಬರಿಗಳನ್ನು ಯಾರಿಗೆ ಬೇಕಾದರೂ, ಯಾವಾಗ ಬೇಕಾದರೂ ಕೊಡಬಹುದು. 1983ರಿಂದ 2015ರವರೆಗೆ 41 ಬಂದಿವೆ. ಆದರೆ ಎಲ್ಲಿಂದ ಶುರುಮಾಡಬೇಕು ಎಂದು ಮಾತ್ರ ಕೇಳಬೇಡಿ. ಕೇಳಿದರೆ ಪಂಡಿತರು ಬ್ಯಾಗಿನಿಂದ ಹಾಳೆ ತೆಗೆದು ನಕ್ಷೆ ಬರೆಯಲು ತೊಡಗುತ್ತಾರೆ, ಅಷ್ಟರಲ್ಲಿ ಕೊನೆಯ ಮೆಟ್ರೋ ಹೊರಟುಹೋಗಿರುತ್ತದೆ.

"ಎಲ್ಲಾ ವಿಲಾಯತಿ ಮದ್ದೇ ಆಯ್ತಲ್ಲ" ಎಂದು ನೀವು ಆಕ್ಷೇಪಿಸಿದರೆ ಪಂಡಿತರು ಅದಕ್ಕೂ ಸಿದ್ಧ. ಒಂದೇ ಬಗ್ಗನ್ನು ಮತ್ತೆ ಮತ್ತೆ ಸರಿಪಡಿಸುತ್ತಿರುವ ಎಂಜಿನಿಯರಿಗೆ 1949ರಲ್ಲಿ ಕನ್ನಡಕ್ಕೆ ಬಂದ 'ಚಂದಮಾಮ'ದ ಬೇತಾಳನ ಕಥೆಗಳು. ಹೆಗಲೇರಿದ ಶವ ಪ್ರತಿ ಸಲವೂ ಮರಕ್ಕೆ ಹಾರಿ ನೇತಾಡುವಾಗ, ಪ್ರೊಡಕ್ಷನ್‌ನಿಂದ ಹಿಂದೆ ಬರುವ ಕೋಡು ಅಷ್ಟೇನೂ ಅವಮಾನವೆನಿಸುವುದಿಲ್ಲ. ಕನ್ನಡದಲ್ಲಿ ವಿಜ್ಞಾನ ಕಾದಂಬರಿಯೇ ಇಲ್ಲ ಎಂದು ಮೂಗು ಮುರಿಯುವವರಿಗೆ ರಾಜಶೇಖರ ಭೂಸನೂರಮಠರನ್ನೂ ಮನು ಅವರ 'ಮಹಾಸಂಪರ್ಕ'ವನ್ನೂ ಹುಡುಕಿಕೊಡುತ್ತಾರೆ. ಊರಿನ ಅಭಿಮಾನಕ್ಕೆ ಪೆಟ್ಟು ಬಿದ್ದ ಮೈಸೂರಿನವರಿಗೆ ಜೂಲ್ಸ್ ವರ್ನ್. ಅವನ ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೆಮೋ ಬುಂದೇಲಖಂಡದ ರಾಜಕುಮಾರ, ಮೇಲಾಗಿ ಟಿಪ್ಪುವಿನ ಸಂಬಂಧಿ ಎಂದು 'ದ ಮಿಸ್ಟೀರಿಯಸ್ ಐಲ್ಯಾಂಡ್'ನಲ್ಲಿ ಬಯಲಾಗುತ್ತದೆ. "ಸಮುದ್ರದ ತಳಕ್ಕೂ ನಮ್ಮವರೇ ಮೊದಲು ಹೋಗಿದ್ದು ಸರ್" ಎಂದು ಪಂಡಿತರು ಪಿಸುಗುಟ್ಟಿದರೆ ಆ ಪ್ರತಿ ಅಂದೇ ಖರ್ಚು. ಬೆಂಗಳೂರನ್ನು ದಿನವಿಡೀ ಶಪಿಸುವವರಿಗೆ ಲಾವಣ್ಯ ಲಕ್ಷ್ಮೀನಾರಾಯಣ್ ಬರೆದ 'ದ ಟೆನ್ ಪರ್ಸೆಂಟ್ ಥೀಫ್'. ಅದರಲ್ಲಿ ಬೆಂಗಳೂರೇ ಅಪೆಕ್ಸ್ ಸಿಟಿಯಾಗಿ, ಜನ ತಮ್ಮ ಉತ್ಪಾದಕತೆಯ ಅಂಕಗಳ ಮೇಲೆ ಏರುತ್ತಾರೆ, ಬೀಳುತ್ತಾರೆ. ಓದಿ ಮುಗಿಸಿದವರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ ನಂದನವನವಾಗಿ ಕಾಣುತ್ತದೆಯಂತೆ.

ಪಂಡಿತರ ಮದ್ದು ತಿರುಗುಬಾಣವಾದದ್ದೂ ಉಂಟು. ರಸ್ತೆ ಅಗಲೀಕರಣಕ್ಕೆ ಮನೆಯ ಮುಂಭಾಗ ಹೋಗಲಿದೆ ಎಂದು ನೋಟಿಸು ಬಂದಿದ್ದ ಒಬ್ಬ ನಿವೃತ್ತರಿಗೆ, ನಕ್ಕು ಹಗುರಾಗಲಿ ಎಂದು ಡಗ್ಲಸ್ ಆಡಮ್ಸರ 'ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಕೊಟ್ಟರು. 1979ರ ಆ ಕಾದಂಬರಿ ಶುರುವಾಗುವುದೇ ಬೈಪಾಸಿಗಾಗಿ ನಾಯಕನ ಮನೆ ಕೆಡವಲು ಬುಲ್ಡೋಜರ್ ಬಂದು ನಿಲ್ಲುವುದರಿಂದ. ಯೋಜನೆಯ ನಕಾಶೆಯನ್ನು ಸಾರ್ವಜನಿಕರ ಅವಗಾಹನೆಗೆ ಇಟ್ಟಿದ್ದೆವಲ್ಲ ಎನ್ನುತ್ತಾರೆ ಕಚೇರಿಯವರು. ಇಟ್ಟದ್ದು ನೆಲಮಾಳಿಗೆಯಲ್ಲಿ, ಬೀಗ ಹಾಕಿದ ಬೀರುವಿನೊಳಗೆ. ಆ ಹಿರಿಯರು ಮರುದಿನವೇ ಪುಸ್ತಕ ಹಿಂದಿರುಗಿಸಿ ಕೇಳಿದರಂತೆ: "ಕಾಲ್ಪನಿಕ ಕಥೆ ಅಂದಿದ್ರಿ. ಇದರಲ್ಲಿ ಕಲ್ಪನೆ ಎಲ್ಲಿದೆ ಸ್ವಾಮಿ?"

ಇಷ್ಟೆಲ್ಲ ತಿಳಿದವರ ಮನೆಯಲ್ಲಿ ಓದು ಹೇಗಿರಬಹುದು? ನೆಲದಿಂದ ಸೂರಿನವರೆಗೆ ಪುಸ್ತಕ. ಮುಕ್ಕಾಲು ಪಾಲಿಗೆ ಬೆನ್ನು ಕೂಡ ಮಡಚಿಲ್ಲ. ರಾತ್ರಿ ಊಟವಾದ ಮೇಲೆ ಪಂಡಿತರು ಕಪಾಟಿನ ಮುಂದೆ ನಿಂತು ತಮ್ಮ ನಾಡಿಯನ್ನು ತಾವೇ ಹಿಡಿಯುತ್ತಾರೆ. 'ಡ್ಯೂನ್' ಓದೋಣವೆಂದರೆ ಹೊರಗೆ ಮಳೆ. ಲೆ ಗ್ವಿನ್ ಬರೆದ ಅರ್ತ್‌ಸೀ ಕಥೆಗಳಿಗೆ ಕಡಲು ಹತ್ತಿರವಿರಬೇಕು, ಇರುವುದು ರಾಜಾಜಿನಗರ. 'ಲಾರ್ಡ್ ಆಫ್ ದ ರಿಂಗ್ಸ್'ಗೆ ದೀರ್ಘ ರಜೆ ಬೇಕು. ರಾಬರ್ಟ್ ಜೋರ್ಡನ್ನರ 'ವೀಲ್ ಆಫ್ ಟೈಮ್' 14 ಸಂಪುಟ. ಬರೆಯುತ್ತಿದ್ದವರೇ 2007ರಲ್ಲಿ ತೀರಿಕೊಂಡು, ಕೊನೆಯ ಮೂರನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಮುಗಿಸಬೇಕಾಯಿತು. ಪಂಡಿತರು ನಾಲ್ಕನೆಯದರಲ್ಲಿ ನಿಂತಿದ್ದಾರೆ. ಐದನೆಯದರ ಮೂಡು ಇನ್ನೂ ಬಂದಿಲ್ಲ. ಹೀಗೆ ಒಂದೊಂದನ್ನೇ ತೆಗೆದಿಡುತ್ತ ಹನ್ನೊಂದೂವರೆಯಾಗುತ್ತದೆ. ಆಮೇಲೆ ಮೊಬೈಲಿನಲ್ಲಿ ಯಾರೋ ದೋಸೆ ಹುಯ್ಯುವುದನ್ನು ನೋಡುತ್ತ ನಿದ್ದೆ ಹೋಗುತ್ತಾರೆ. ಆ ದೋಸೆಗೆ ಯಾವ ಮೂಡೂ ಬೇಕಿಲ್ಲ.

ನನಗೆ ಗೊತ್ತಿರುವ ಪಂಡಿತರೊಬ್ಬರ ಮನೆಗೆ ಕಳೆದ ಮಳೆಗಾಲದಲ್ಲಿ ಅವರ ತಾಯಿ ಶಿವಮೊಗ್ಗದಿಂದ ಬಂದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಮೊಮ್ಮಗಳು ಶಾಲೆಗೆ, ಮಗ ಸೊಸೆ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ಕಪಾಟಿನ ಎಡತುದಿಯಿಂದ ಒಂದು ಪುಸ್ತಕ ತೆಗೆದರು, ಓದಿದರು, ಇಟ್ಟರು, ಪಕ್ಕದ್ದನ್ನು ತೆಗೆದರು. ಪಂಡಿತರು ಒಂದು ದಿನ ಬೇಗ ಬಂದವರು ನೋಡಿ ಗಾಬರಿಯಾದರು.

"ಅಮ್ಮಾ, ಹಂಗೆಲ್ಲ ಸಾಲಾಗಿ ಓದೋದಲ್ಲ. ನಿನ್ನ ಮೂಡ್ ಏನು ಈಗ?"

"ಊಟ ಆಗಿದೆ ಕಣೋ. ನಿದ್ದೆ ಬಂದಿಲ್ಲ."

ದೀಪಾವಳಿ ಹೊತ್ತಿಗೆ ಅವರು ಮಾರ್ಟಿನ್ನರ ಐದೂ ಸಂಪುಟ ಮುಗಿಸಿ, ಯಾರು ಯಾರಿಗೆ ಏನಾಗಬೇಕು ಎನ್ನುವುದನ್ನು ತಮ್ಮೂರ ನೆಂಟರ ವಿಷಯದಷ್ಟೇ ಸಲೀಸಾಗಿ ಹೇಳತೊಡಗಿದರು. ಮಗ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಕೇಳಿದರು: "ಆರನೇದು ಎಲ್ಲಿಟ್ಟಿದೀಯೋ? ಕಪಾಟೆಲ್ಲಾ ಹುಡುಕಿದೆ."

"ಆರನೇದು ಇನ್ನೂ ಬಂದೇ ಇಲ್ಲಮ್ಮ. ಐದನೇದು ಬಂದಿದ್ದು 2011ರಲ್ಲಿ. ಪ್ರಪಂಚವೇ ಕಾಯ್ತಾ ಇದೆ."

ತಾಯಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಒಮ್ಮೆ ಕಪಾಟಿನ ಕಡೆಗೆ, ಒಮ್ಮೆ ಮಗನ ಕಡೆಗೆ ನೋಡಿ ಹೇಳಿದರು:

"ಪಾಪ, ಅವನಿಗೂ ಮೂಡ್ ಬಂದಿಲ್ಲ ಅಂತ ಕಾಣುತ್ತೆ."