ಕೈ ಹಿಡಿಯುವ ಮುನ್ನ

ಎದುರು ಮನೆಯ ಹುಡುಗ ಸೈಕಲ್ಲಿನಿಂದ ಬಿದ್ದು, ಮಂಡಿ ತರಚಿಕೊಂಡು, ಬೀದಿಗೆಲ್ಲ ಕೇಳುವಂತೆ ಅಳುತ್ತಾ ನಮ್ಮ ಗೇಟಿನ ಮುಂದೆ ಕೂತ. ನಮ್ಮ ಯಜಮಾನರು ಉತ್ತರಕುಮಾರನ ಗತ್ತಿನಲ್ಲಿ "ಫಸ್ಟ್ ಏಡ್ ಬಾಕ್ಸ್ ತಾರೇ" ಎಂದರು. ತಂದೆ. ಬಾಕ್ಸ್ ಅಂದರೆ ಹಳೇ ಬಿಸ್ಕತ್ತಿನ ಡಬ್ಬಿ. ಒಳಗೆ ಗಟ್ಟಿಯಾಗಿ ಕಲ್ಲಾದ ಮುಲಾಮು, ಅಂಟು ಒಣಗಿದ ಪಟ್ಟಿ, ಎಂದಿನದೋ ಕರೆಂಟ್ ಬಿಲ್ಲು, ಮತ್ತೆ ಗ್ಲೌಸ್. ಒಂದೇ ಒಂದು. ಹೇರ್ ಡೈ ಪ್ಯಾಕೆಟ್ಟಿನ ಜೊತೆ ಬರುತ್ತದಲ್ಲ, ಆ ಗಾಜಿನಂಥ ಪ್ಲಾಸ್ಟಿಕ್ಕಿನದು. ಹೆಬ್ಬೆರಳಿನ ಹತ್ತಿರ ಕಪ್ಪು ಕಲೆ ಬೇರೆ.

ಇವರದು ಹುಟ್ಟುಗಪ್ಪು ಕೂದಲೆಂದು ಐದು ವರ್ಷದಿಂದ ನಂಬಿದ್ದ ಎದುರು ಮನೆಯಾಕೆ ಗ್ಲೌಸನ್ನೊಮ್ಮೆ ನೋಡಿದರು, ಇವರ ತಲೆಯನ್ನೊಮ್ಮೆ ನೋಡಿದರು. ಹುಡುಗನ ಅಳು ಗಕ್ಕನೆ ನಿಂತಿತು. ಅಷ್ಟರಮಟ್ಟಿಗೆ ಪ್ರಥಮ ಚಿಕಿತ್ಸೆ ಆಯಿತೆನ್ನಿ.

ಅವತ್ತು ಸಂಜೆಯೇ ಮೆಡಿಕಲ್ ಶಾಪಿಗೆ ಹೋದೆ. "ಗ್ಲೌಸ್ ಕೊಡಪ್ಪ" ಅಂದರೆ ಆ ಹುಡುಗ ಹೋಟೆಲಿನ ಮಾಣಿ ತಿಂಡಿ ಒದರಿದ ಹಾಗೆ, "ಲ್ಯಾಟೆಕ್ಸ್, ನೈಟ್ರೈಲ್, ವಿನೈಲ್, ಪೌಡರ್ ಇರೋದು, ಇಲ್ಲದ್ದು, ಸ್ಟೆರೈಲು, ನಾನ್ ಸ್ಟೆರೈಲು, ಸೈಜ್ ಎಷ್ಟು ಮೇಡಂ?" ಅಂದ. ನನಗೆ ಗೊತ್ತಿರುವ ಸೈಜು ಬಳೆಯದು. "ಎರಡು-ಆರು" ಅಂದೆ. ಪಾಪ, ನಗಲಿಲ್ಲ.

ಆಸ್ಪತ್ರೆಯ ನರ್ಸಮ್ಮನಿಗೆ ಈ ತಾಪತ್ರಯವಿಲ್ಲ. ಅವರ ಕೈ ಅವರಿಗೆ ಗೊತ್ತು. ಮನೆಯ ಡಬ್ಬಿಗೆ ಗ್ಲೌಸ್ ತರುವುದೆಂದರೆ ಗಂಡು ಯಾರು, ಹೆಣ್ಣು ಯಾರು ಗೊತ್ತಿಲ್ಲದೆ ಜಾತಕ ಕೂಡಿಸಿದ ಹಾಗೆ. ತೊಡುವ ಕೈ ಯಾರದೋ, ರಕ್ತ ಸುರಿಯುವ ಗಾಯ ಯಾರದೋ. ಇಬ್ಬರಿಗೂ ಒಗ್ಗಬೇಕು.

ಗ್ಲೌಸಿಗೂ ಮದುವೆಗೂ ನಂಟಿರುವುದು ನಿಜ. 1889ರ ಸುಮಾರು ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಇದ್ದ. ಅವನ ಆಪರೇಷನ್ ಕೊಠಡಿಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್. ಕ್ರಿಮಿ ಸಾಯಲೆಂದು ಆಗ ಪಾದರಸದ ದ್ರಾವಣದಲ್ಲಿ ಕೈ ಅದ್ದುತ್ತಿದ್ದರು. ಕ್ರಿಮಿಯ ಜೊತೆಗೆ ಆಕೆಯ ಚರ್ಮವೂ ಸುಲಿಯತೊಡಗಿತು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಆಕೆಗೆಂದೇ ತೆಳ್ಳನೆಯ ಗ್ಲೌಸ್ ಮಾಡಿಸಿಕೊಟ್ಟ. ಕೈ ಉಳಿಸಲು ಹೊರಟವನು 1890ರಲ್ಲಿ ಆ ಕೈಯನ್ನೇ ಹಿಡಿದ! ಮದುವೆಯಾದ ಮೇಲೆ ಆಕೆ ನರ್ಸ್ ಕೆಲಸ ಬಿಟ್ಟಳು. ಗ್ಲೌಸ್ ಮಾತ್ರ ಆಪರೇಷನ್ ಕೊಠಡಿಯಲ್ಲೇ ಉಳಿಯಿತು. ರೋಗಿಗೂ ಅದರಿಂದ ಒಳ್ಳೆಯದು, ಗಾಯ ಕೀವಾಗುವುದು ತಪ್ಪುತ್ತದೆ ಎಂದು ಗಂಡಸರಿಗೆ ಹೊಳೆಯಲು ಇನ್ನೂ ಕೆಲವು ವರ್ಷ ಹಿಡಿಯಿತು. ನಮ್ಮ ಯಜಮಾನರಿಗೆ ಈ ಕಥೆ ಹೇಳಿ, "ನೀವು ನನಗೇನು ಮಾಡಿಸಿಕೊಟ್ಟಿರಿ?" ಎಂದೆ. "ಪಾತ್ರೆ ತೊಳೆಯೋ ಗ್ಲೌಸ್ ತಂದಿರಲಿಲ್ವಾ?" ಅಂದರು. ತಂದಿದ್ದರು. ಎರಡೂ ಎಡಗೈಯವು.

ಇರಲಿ. ಮನೆಗೆ ಬಂದು ಸಭೆ ಸೇರಿಸಿದೆ. ನಮ್ಮತ್ತೆಯ ತವರು ಸುಳ್ಯದ ಕಡೆ, ಸುತ್ತ ರಬ್ಬರ್ ತೋಟ. "ಲ್ಯಾಟೆಕ್ಸೇ ತಾ. ಅದು ಮರದ ಹಾಲು ಮಾರಾಯ್ತಿ, ನಮ್ಮೂರಿನದ್ದು" ಎಂದು ಪಟ್ಟು. ಲ್ಯಾಟೆಕ್ಸ್ ಕೈಗೆ ಚರ್ಮದಂತೆ ಕೂರುತ್ತದೆ, ನಿಜ. ಆದರೆ ಆ ಮರದ ಹಾಲಿನ ಪ್ರೋಟೀನು ಕೆಲವರಿಗೆ ಆಗದು. ಮೈ ತುರಿಸುತ್ತದೆ, ದದ್ದು ಏಳುತ್ತದೆ, ಅಪರೂಪಕ್ಕೆ ಉಸಿರೇ ಕಟ್ಟುತ್ತದೆ. ಅಂಥವರಲ್ಲಿ ಕೆಲವರಿಗೆ ಬಾಳೆಹಣ್ಣೂ ಆಗುವುದಿಲ್ಲ. ಅತ್ತೆ ಕಣ್ಣರಳಿಸಿ, "ಬಾಳೆಹಣ್ಣು ಆಗದವರನ್ನು ಮನೆಗೆ ಕರೆಯುವುದು ಎಂತಕ್ಕೆ?" ಎಂದರು. ಬಿದ್ದವರು ಗೇಟಿನ ಮುಂದೆ ಬೀಳುತ್ತಾರೆ, ಕರೆದು ಬೀಳಿಸುವುದಲ್ಲವಲ್ಲ. ಪೌಡರ್ ಹಾಕಿದ್ದಂತೂ ಬೇಡವೇ ಬೇಡ. ಆ ಹಿಟ್ಟು ಪ್ರೋಟೀನನ್ನು ಹೊತ್ತು ಗಾಳಿಗೆ ಹಾರುತ್ತದೆ, ಗಾಯಕ್ಕೂ ಬೀಳುತ್ತದೆ. ಅಮೆರಿಕದಲ್ಲಿ 2017ರ ಜನವರಿಯಿಂದ ಪೌಡರ್ ಗ್ಲೌಸಿಗೆ ನಿಷೇಧವೇ ಇದೆ.

ಯಜಮಾನರ ಓಟು ವಿನೈಲಿಗೆ, ಅಗ್ಗವೆಂಬ ಒಂದೇ ಕಾರಣಕ್ಕೆ. ಅದು ಹಿಗ್ಗುವುದು ಕಡಿಮೆ, ಮಣಿಕಟ್ಟಿನಲ್ಲಿ ಮದುವೆ ಮನೆಯ ಬಾಡಿಗೆ ಪಂಚೆಯಂತೆ ಜೋಲುತ್ತದೆ, ಎಳೆದರೆ ಹರಿಯುತ್ತದೆ. ಸ್ಟೆರೈಲ್ ಬೇಕೆಂದು ಮಗಳು. ಅಡುಗೆಮನೆಯಲ್ಲಿ ನಾವೇನು ಅಪೆಂಡಿಕ್ಸ್ ತೆಗೆಯುತ್ತೇವಾ? ಮಂಡಿ ತರಚಿದ್ದಕ್ಕೆ ಪರೀಕ್ಷೆಗೆ ಬಳಸುವ ಸಾದಾ ಗ್ಲೌಸ್ ಸಾಕು. ಕಪ್ಪು ಬಣ್ಣದ್ದು ಸ್ಟೈಲಾಗಿರುತ್ತೆ ಅಂತ ಮತ್ತೂ ಅವಳೇ. ಕಪ್ಪಿನ ಮೇಲೆ ರಕ್ತ ಕಾಣುವುದಿಲ್ಲ ಮಗಳೇ. ಎಲ್ಲಿಂದ ಸೋರುತ್ತಿದೆ ಎಂದು ಗ್ಲೌಸ್ ನೋಡಿಯಾದರೂ ತಿಳಿಯಬೇಡವೆ?

ಕೊನೆಗೆ ಗೆದ್ದದ್ದು ನೀಲಿ ನೈಟ್ರೈಲ್, ಪೌಡರ್ ಇಲ್ಲದ್ದು, ಎಲ್ ಸೈಜು. ನೈಟ್ರೈಲ್ ಕಾರ್ಖಾನೆಯ ರಬ್ಬರು, ಮರದ ಪ್ರೋಟೀನಿನ ಗೊಡವೆಯಿಲ್ಲ. ಸೈಜು ಯಜಮಾನರ ಕೈ ನೋಡಿ ತಂದದ್ದು. ದೊಡ್ಡ ಗ್ಲೌಸಿನಲ್ಲಿ ಸಣ್ಣ ಕೈ ಹೇಗೋ ಸಂಸಾರ ಮಾಡುತ್ತದೆ. ಸಣ್ಣದರಲ್ಲಿ ದೊಡ್ಡ ಕೈ ತುರುಕಿದರೆ ಗಾಯಾಳು ಮನೆಗೆ ನಡೆದು ಹೋದ ಮೇಲೂ ಇವರು ಕಿರುಬೆರಳು ಹುಡುಕುತ್ತಿರುತ್ತಾರೆ. ನನಗೆ ಬೇರೆಯೇ ತೊಡಕು: ಉಂಗುರದ ಹರಳು ಸಿಕ್ಕಿ ಮೊದಲನೆಯದು ಪರ್ ಎಂದಿತು.

ತೊಡುವುದನ್ನಾದರೂ ಹೇಗೋ ಕಲಿಯಬಹುದು, ಬಿಚ್ಚುವುದು ವಿದ್ಯೆ. ಮಣಿಕಟ್ಟಿನ ಹತ್ತಿರ ಹೊರಗಿನಿಂದ ಚಿವುಟಿ ಹಿಡಿದು, ಒಳಮೈ ಹೊರಗಾಗುವಂತೆ ಎಳೆದು, ಇನ್ನೊಂದು ಕೈಯ ಮುಷ್ಟಿಯಲ್ಲಿ ಮುದ್ದೆ ಮಾಡಿಕೊಳ್ಳಬೇಕು. ಆಮೇಲೆ ಬರಿ ಬೆರಳನ್ನು ಎರಡನೆಯದರ ಒಳಕ್ಕೆ ತೂರಿಸಿ ಅದನ್ನೂ ಮಗುಚಬೇಕು. ಮೊದಲನೆಯದು ಎರಡನೆಯದರ ಹೊಟ್ಟೆಯಲ್ಲಿ. ಆಮೇಲೂ ಸೋಪು ಹಾಕಿ ಕೈ ತೊಳೆಯಬೇಕು. ರಕ್ತದ ಬದಲು ಕಲಸಿದ ಕುಂಕುಮ ಬಳಿದು ಯಜಮಾನರಿಗೆ ತಾಲೀಮು ಕೊಟ್ಟೆ. ಮೊದಲ ಸಲ ಅವರ ಮಣಿಕಟ್ಟು ಕೆಂಪು. ಎರಡನೇ ಸಲ ನಡುವೆ ಮೂಗು ತುರಿಸಿತು. ನೆಟ್ಟಗೆ ನಾಮ ಬಿತ್ತು.

ಡಬ್ಬಿಯಲ್ಲಿ 100 ಗ್ಲೌಸ್, ಅಂದರೆ 50 ಜೊತೆ. ಮೂರು ಜೊತೆಯನ್ನು ಪುಟ್ಟ ಕವರಿನಲ್ಲಿ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಒಂದು ಜೊತೆ ಕಾರಿನಲ್ಲಿಡೋಣ ಅಂದರು. ಬಿಸಿಲಿಗೆ ಬೆಂದು ಹಾಳಾಗುತ್ತದೆ, ಡ್ಯಾಶ್‌ಬೋರ್ಡಿನ ಮೇಲಂತೂ ಬೇಡ ಎಂದೆ. ಉಳಿದದ್ದು ಬೀರುವಿನ ಮೇಲೆ.

ಮೊನ್ನೆ ಅಡುಗೆಮನೆಗೆ ಹೋದರೆ ಅತ್ತೆ ನೀಲಿ ಕೈಗಳಲ್ಲಿ ಈಳಿಗೆ ಮಣೆಯ ಮುಂದೆ ಕೂತಿದ್ದಾರೆ, ಮುಂದೆ ಹಲಸಿನಕಾಯಿ. ಕೈಗೆ ಎಣ್ಣೆ ಸವರಿ ಮೇಣದ ಜೊತೆ ಗುದ್ದಾಡುತ್ತಿದ್ದವರಿಗೆ ಹೊಸ ಆಯುಧ ಸಿಕ್ಕಿದೆ. ಗ್ಲೌಸಿನ ಮೇಲೂ ಎಣ್ಣೆ ಸವರಿದ್ದಾರೆ. ಲ್ಯಾಟೆಕ್ಸಾಗಿದ್ದರೆ ಎಣ್ಣೆಗೆ ಸೊರಗುತ್ತಿತ್ತು, ನೈಟ್ರೈಲ್ ಜಗ್ಗಿಲ್ಲ. "ನೀನು ಹೇಳಿದ್ದೇ ಸರಿ ಮಾರಾಯ್ತಿ" ಎಂದು ಮದುವೆಯಾದ ಹದಿನೆಂಟು ವರ್ಷದಲ್ಲಿ ಮೊದಲ ಸಲ ಒಪ್ಪಿಕೊಂಡರು. ಬೀರುವಿನ ಮೇಲಿನ ಡಬ್ಬಿ ಇಳಿಸಿ ನೋಡಿದೆ. ತಳದಲ್ಲಿ ನಾಲ್ಕು ಉಳಿದಿತ್ತು.

"ಇನ್ನೊಂದು ಡಬ್ಬಿ ತರಿಸು" ಎಂದರು ಅತ್ತೆ, ಸೊಳೆ ಬಿಡಿಸುತ್ತಾ. "ಇವತ್ತಿನದ್ದು ಬರೀ ಪಲ್ಯಕ್ಕೆ. ಹಪ್ಪಳಕ್ಕೆ ಇನ್ನೂ ಎಂಟು ಕಾಯಿ ಬರ್ತದೆ."